ಮೂರನೆಯ ಸಲಕ್ಕೆ ಪಾಸಾದ ಡಾ. ಯಲ್ಲಾಪ್ರಗಡ ಸುಬ್ಬರಾವ್

ನಮ್ಮ ಶಾಲೆಯ ಮಕ್ಕಳು ವಾರಕ್ಕೊಮ್ಮೆ ಮಧ್ಯಾಹ್ನದ ಊಟವಾದ ಮೇಲೆ ಒಂದು ನೀಲಿ ಗುಳಿಗೆ ನುಂಗುತ್ತಾರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುತ್ತವೆ. ಕಬ್ಬಿಣದ ವಿಷಯ ಎಲ್ಲರಿಗೂ ಗೊತ್ತು. ಆದರೆ ಆ ಫೋಲಿಕ್ ಆಮ್ಲವನ್ನು ಕಾರ್ಖಾನೆಯಲ್ಲಿ ತಯಾರಿಸುವ ದಾರಿ ತೋರಿಸಿದ ತಂಡದ ಮುಖ್ಯಸ್ಥರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿದ್ದ ಒಬ್ಬ ತೆಲುಗು ಹುಡುಗ ಎಂಬುದು ನಮ್ಮ ಮಕ್ಕಳಲ್ಲಿ ಬಹಳ ಜನಕ್ಕೆ ತಿಳಿದಿರಲಾರದು.

ಇದೇ ಶಾಲೆಯಲ್ಲಿ ಓದಿ, ಮುಂದೆ ಸರ್ಕಾರಿ ಆಸ್ಪತ್ರೆಗಳ ಪ್ರಯೋಗಾಲಯಗಳಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುತ್ತಲೇ ನಿವೃತ್ತನಾದವನು ನಾನು. ರಕ್ತದಲ್ಲಿ ರಂಜಕ ಎಷ್ಟಿದೆ ಎಂದು ಅಳೆಯಲು ನಮಗೆ ಕಲಿಸಿದ ವಿಧಾನದ ಹೆಸರು ಫಿಸ್ಕೆ–ಸುಬ್ಬರಾವ್ ವಿಧಾನ. ವಿದೇಶಿ ಹೆಸರುಗಳೇ ತುಂಬಿದ್ದ ಆ ಪುಸ್ತಕದಲ್ಲಿ ನಮ್ಮ ಪಕ್ಕದ ಮನೆಯವರದೆಂಬಂತಿದ್ದ ಈ ಹೆಸರು ಯಾರದು ಎಂಬ ಕುತೂಹಲದಿಂದ ಅವರ ಬದುಕನ್ನು ಓದುತ್ತಾ ಹೋದೆ. ಸುವರ್ಣ ಮಹೋತ್ಸವದ ಈ ಸಂಚಿಕೆಯನ್ನು ಓದುವ ಮಕ್ಕಳಿಗಾಗಿ ಅದನ್ನು ನನಗೆ ತಿಳಿದಷ್ಟು ಬರೆಯುತ್ತಿದ್ದೇನೆ.

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಈಗಿನ ಆಂಧ್ರಪ್ರದೇಶದ ಭೀಮಾವರದಲ್ಲಿ. ಆಗ ಅದು ಮದರಾಸು ಪ್ರಾಂತ್ಯ. ನಮ್ಮ ಘಟ್ಟದ ಕೆಳಗಿನ ದಕ್ಷಿಣ ಕನ್ನಡವೂ ಅದೇ ಪ್ರಾಂತ್ಯಕ್ಕೆ ಸೇರಿತ್ತು. ಘಟ್ಟದ ಮೇಲಿನ ನಾವು ಮೈಸೂರು ಸಂಸ್ಥಾನದವರು. ತಂದೆ ಜಗನ್ನಾಥಂ ಕಂದಾಯ ಇಲಾಖೆಯ ಸಣ್ಣ ನೌಕರರು. ಬೆರಿಬೆರಿ ಕಾಯಿಲೆಯಿಂದ ಕೈಲಾಗದೆ ಕೆಲಸ ಬಿಡಬೇಕಾಯಿತು. ದೊಡ್ಡ ಸಂಸಾರ, ಕೈಯಲ್ಲಿ ಕಾಸಿಲ್ಲ. ಹದಿಮೂರರ ವಯಸ್ಸಿನ ಹುಡುಗ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡುತ್ತೇನೆಂದು ಮನೆ ಬಿಟ್ಟು ಓಡಿದ. ತಾಯಿ ವೆಂಕಮ್ಮ ಬಿಡಲಿಲ್ಲ. ವಾಪಸು ಕರೆತಂದು ಮತ್ತೆ ಶಾಲೆಗೆ ಕೂರಿಸಿದರು. ಎರಡು ಸಲ ಮೆಟ್ರಿಕ್ಯುಲೇಷನ್ ಹೋಯಿತು. ಆ ತಾಯಿ ಒಡವೆ ಮಾರಿ ಮಗನನ್ನು ಓದಿಸಿದರು. ಮದರಾಸಿನ ಹಿಂದೂ ಹೈಸ್ಕೂಲಿನಲ್ಲಿ ಓದಿ ಮೂರನೆಯ ಸಲಕ್ಕೆ ಆತ ಪಾಸಾದರು.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸುವ ಹೊತ್ತಿಗೆ ಅವರ ಮನಸ್ಸು ರಾಮಕೃಷ್ಣ ಮಠದ ಕಡೆ ವಾಲಿತ್ತು. ಸನ್ಯಾಸಿಯಾಗಲು ತಾಯಿ ಒಪ್ಪಲಿಲ್ಲ. ಜನರ ಸೇವೆಯೇ ಗುರಿಯಾದರೆ ವೈದ್ಯನಾಗಿಯೂ ಮಾಡಬಹುದು ಎಂಬ ಬುದ್ಧಿಮಾತು ಮಠದಿಂದಲೇ ಬಂತು. ಹೀಗೆ ಮದರಾಸು ಮೆಡಿಕಲ್ ಕಾಲೇಜು ಸೇರಿದರು. 1919ರಲ್ಲಿ ಶೇಷಗಿರಿ ಎಂಬುವರೊಡನೆ ಮದುವೆಯಾಯಿತು. ಓದಿನ ಖರ್ಚಿಗೆ ಮಾವನವರು ನೆರವಾದರು. ಗಾಂಧೀಜಿಯವರ ಕರೆಯ ಕಾಲ ಅದು. ಸುಬ್ಬರಾವ್ ಖಾದಿ ತೊಟ್ಟು ತರಗತಿಗೆ ಹೋದದ್ದು ಶಸ್ತ್ರಚಿಕಿತ್ಸೆಯ ಇಂಗ್ಲಿಷ್ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಲಿಖಿತ ಪರೀಕ್ಷೆಗಳನ್ನು ಚೆನ್ನಾಗಿ ಮಾಡಿದ್ದರೂ ಅವರಿಗೆ ಸಿಕ್ಕಿದ್ದು ಎಂ.ಬಿ.ಬಿ.ಎಸ್. ಅಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಆ ಅರ್ಹತೆಗೆ ಸರ್ಕಾರಿ ವೈದ್ಯಕೀಯ ಸೇವೆಯ ಬಾಗಿಲು ತೆರೆಯಲಿಲ್ಲ. ಮದರಾಸಿನಲ್ಲಿ ಡಾ. ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಹೇಳಿಕೊಡುವ ಕೆಲಸಕ್ಕೆ ಸೇರಿದರು.

ಅವರನ್ನು ಔಷಧ ಸಂಶೋಧನೆಯ ಕಡೆ ತಳ್ಳಿದ್ದು ಮನೆಯಲ್ಲೇ ಕಂಡ ಸಾವು. ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ಕಾಯಿಲೆಯಿಂದ ತೀರಿಕೊಂಡರು. ಸ್ಪ್ರೂ ಬಂದವರಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಭೇದಿ ನಿಲ್ಲುವುದಿಲ್ಲ, ನಾಲಿಗೆ ಹುಣ್ಣಾಗುತ್ತದೆ, ರಕ್ತ ಕಡಿಮೆಯಾಗುತ್ತಾ ಹೋಗುತ್ತದೆ. ಆಗ ಅದಕ್ಕೆ ಕಾರಣವೂ ಗೊತ್ತಿರಲಿಲ್ಲ, ಖಚಿತ ಔಷಧಿಯೂ ಇರಲಿಲ್ಲ. ಕಾಯಿಲೆಗಳ ಮೂಲವನ್ನು ಕಲಿಯಬೇಕೆಂದು ಅಮೆರಿಕಕ್ಕೆ ಹೊರಟ ಅವರಿಗೆ ಕಾಕಿನಾಡದ ಒಂದು ಧರ್ಮನಿಧಿಯೂ ಮಾವನವರೂ ಹಣ ಹೊಂದಿಸಿಕೊಟ್ಟರು.

1923ರ ಅಕ್ಟೋಬರಿನಲ್ಲಿ ಬಾಸ್ಟನ್ ನಗರಕ್ಕೆ ಬಂದಿಳಿದಾಗ ಜೇಬಿನಲ್ಲಿ ಇದ್ದದ್ದು ಅಲ್ಪ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಉಷ್ಣವಲಯದ ಕಾಯಿಲೆಗಳ ಡಿಪ್ಲೊಮಾಕ್ಕೆ ಸೇರಿದರು. ನಮ್ಮ ದೇಶದ ಪದವಿಗೆ ಅಲ್ಲಿ ವೈದ್ಯಕೀಯ ಮಾಡುವ ಅನುಮತಿ ಇರಲಿಲ್ಲ. ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಆಳಾಗಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆದರು. ಹಗಲು ಓದು, ರಾತ್ರಿ ಚಾಕರಿ. ಆಸ್ಪತ್ರೆಯಲ್ಲಿ ಕೆಲಸ ಮಾಡಿದ ನಾನು ಇದನ್ನು ಓದಿದಾಗ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟಿದ್ದೆ. ನಮ್ಮ ವಾರ್ಡುಗಳಲ್ಲಿ ಆ ಕೆಲಸ ಮಾಡುವವರನ್ನು ಹೆಸರು ಹಿಡಿದು ಮಾತನಾಡಿಸುವವರು ಎಷ್ಟು ಜನ?

ಡಿಪ್ಲೊಮಾ ಮುಗಿದ ಮೇಲೆ ಹಾರ್ವರ್ಡ್ ಮೆಡಿಕಲ್ ಸ್ಕೂಲಿನ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕೆ ಎಂಬುವರ ಜೊತೆ ಕೆಲಸ ಸಿಕ್ಕಿತು. ಅಲ್ಲಿಂದ 1925ರಲ್ಲಿ ಹೊರಬಂದದ್ದೇ ನಾನು ಮೇಲೆ ಹೇಳಿದ ರಂಜಕದ ಪರೀಕ್ಷೆ. ವಿಧಾನ ಸರಳ. ರಕ್ತದಿಂದ ಪ್ರೋಟೀನನ್ನು ಆಮ್ಲ ಹಾಕಿ ಬೇರ್ಪಡಿಸಿ ಸೋಸಬೇಕು. ಉಳಿದ ತಿಳಿಗೆ ಮಾಲಿಬ್ಡೇಟ್ ದ್ರಾವಣ ಸೇರಿಸಿ, ಮೇಲೆ ಇನ್ನೊಂದು ರಾಸಾಯನಿಕ ಹಾಕಿದರೆ ತಿಳಿ ನೀಲಿಯಾಗುತ್ತದೆ. ನೀಲಿ ಗಾಢವಾದಷ್ಟೂ ರಂಜಕ ಹೆಚ್ಚು. ಮಕ್ಕಳ ಮೂಳೆ ಬಾಗುವ ರಿಕೆಟ್ಸ್, ಮೂತ್ರಪಿಂಡದ ತೊಂದರೆ ಇವುಗಳ ಪತ್ತೆಗೆ ಇದು ಆಸ್ಪತ್ರೆಗಳಿಗೆ ಕೈಗೆ ಸಿಕ್ಕ ಅಳತೆಗೋಲಾಯಿತು. ಈಗ ಯಂತ್ರಗಳು ಬಂದಿವೆ. ನಮ್ಮ ಕಾಲದಲ್ಲಿ ಗಾಜಿನ ನಳಿಗೆಯ ನೀಲಿಯನ್ನೇ ನಂಬಿ ವರದಿ ಬರೆದಿದ್ದೇವೆ.

ಈ ನೀಲಿ ಬಣ್ಣವೇ ಮುಂದಿನ ಬಾಗಿಲನ್ನೂ ತೆರೆಯಿತು. ಮಾಂಸಖಂಡದ ರಸವನ್ನು ಪರೀಕ್ಷಿಸುವಾಗ ಬಣ್ಣ ಒಮ್ಮೆಲೇ ಬರದೆ ನಿಧಾನವಾಗಿ ಏರುತ್ತಾ ಹೋಗುವುದು ಕಂಡಿತು. ಬೇರೆಯವರಾಗಿದ್ದರೆ ದ್ರಾವಣ ಹಳತಾಗಿದೆ ಎಂದು ಚೆಲ್ಲಿಬಿಡುತ್ತಿದ್ದರೇನೋ. ಇವರು ಹಾಗೆ ಮಾಡಲಿಲ್ಲ. ಮಾಂಸಖಂಡದಲ್ಲಿ ಬೇಗ ಒಡೆದು ರಂಜಕ ಬಿಟ್ಟುಕೊಡುವ ಯಾವುದೋ ವಸ್ತು ಇರಬೇಕೆಂದು ಬೆನ್ನುಹತ್ತಿ 1927ರಲ್ಲಿ ಫಾಸ್ಫೊಕ್ರಿಯಾಟಿನ್ ಅನ್ನು ಲೋಕಕ್ಕೆ ತಿಳಿಸಿದರು. 1929ರಲ್ಲಿ ಎ.ಟಿ.ಪಿ.ಯನ್ನು ಬೇರ್ಪಡಿಸಿದರು. ಅದೇ ವರ್ಷ ಜರ್ಮನಿಯ ಲೋಮನ್ ಕೂಡ ಬೇರೆಯಾಗಿ ಇದನ್ನು ಕಂಡುಹಿಡಿದಿದ್ದರು. ಹತ್ತನೇ ತರಗತಿಯ ಮಕ್ಕಳು ಜೀವಕೋಶದ ಶಕ್ತಿಯ ನಾಣ್ಯ ಎಂದು ಓದುವ ಎ.ಟಿ.ಪಿ. ಇದೇ. ತೋಟದಲ್ಲಿ ಕಾಫಿ ಹಣ್ಣು ಕೊಯ್ಯುವ ಕೈ ಆಡುವುದೂ, ಗುಡ್ಡ ಹತ್ತಿ ಶಾಲೆಗೆ ಬರುವ ಕಾಲು ನಡೆಯುವುದೂ ಈ ವಸ್ತುವಿನಿಂದ.

1930ರಲ್ಲಿ ಪಿಎಚ್.ಡಿ. ಆಯಿತು. ಇಷ್ಟಾದರೂ ಹಾರ್ವರ್ಡಿನಲ್ಲಿ ಅವರಿಗೆ ಕಾಯಂ ಹುದ್ದೆ ದೊರೆಯಲಿಲ್ಲ. 1940ರಲ್ಲಿ ಆ ಸಂಸ್ಥೆ ಬಿಟ್ಟು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಔಷಧ ಕಂಪನಿಗೆ ಸೇರಿದರು. ಎರಡು ವರ್ಷಗಳಲ್ಲಿ ಅಲ್ಲಿನ ಸಂಶೋಧನಾ ವಿಭಾಗದ ನಿರ್ದೇಶಕರಾದರು. ಮೆಡಿಕಲ್ ಸ್ಕೂಲಿನ ಮೇಜಿನ ಮೇಲೆ ಕಲಿತದ್ದು ಕಾರ್ಖಾನೆಯ ಮೂಲಕ ರೋಗಿಯ ಹಾಸಿಗೆಗೆ ತಲುಪಿದ್ದು ಇಲ್ಲಿಂದ ಮುಂದೆ.

ಮೊದಲು ಫೋಲಿಕ್ ಆಮ್ಲದ ವಿಷಯ. ಇದರ ಮೊದಲ ಸುಳಿವು ಸಿಕ್ಕಿದ್ದು ನಮ್ಮ ದೇಶದಲ್ಲೇ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಿಂದ ಬೊಂಬಾಯಿಯಲ್ಲಿ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಪರೀಕ್ಷಿಸಿ, ಯೀಸ್ಟಿನ ಸಾರದಿಂದ ಅದು ಗುಣವಾಗುವುದನ್ನು ಕಂಡಿದ್ದರು. ಆ ಸಾರದಲ್ಲಿದ್ದ ವಸ್ತು ಯಾವುದೆಂದು ಮಾತ್ರ ತಿಳಿದಿರಲಿಲ್ಲ. 1941ರಲ್ಲಿ ಅಮೆರಿಕದ ಬೇರೊಂದು ತಂಡ ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಕಿಂಚಿತ್ ವಸ್ತು ತೆಗೆದು, ಎಲೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟಿತು. ಸುಬ್ಬರಾವ್ ಅವರ ತಂಡ ಅದರ ರಚನೆಯನ್ನು ಬಿಡಿಸಿ 1945ರಲ್ಲಿ ಕೃತಕವಾಗಿ ತಯಾರಿಸಿತು. ಟನ್ನುಗಟ್ಟಲೆ ಸೊಪ್ಪು, ಪಿತ್ತಜನಕಾಂಗ ಅರೆಯುವ ಕಾಲ ಮುಗಿಯಿತು. ಅದನ್ನು ರೋಗಿಗಳಿಗೆ ಕೊಟ್ಟಾಗ ಗುಣ ಕಂಡ ಕಾಯಿಲೆಗಳಲ್ಲಿ ಸ್ಪ್ರೂ ಕೂಡ ಒಂದು. ಇಬ್ಬರು ಸಹೋದರರನ್ನು ಕಳೆದುಕೊಂಡ ಕಾಯಿಲೆಗೆ ಔಷಧಿ ಅವರ ಪ್ರಯೋಗಾಲಯದಿಂದಲೇ ಬಂತು. ಆ ಹೊತ್ತಿಗೆ ಸಹೋದರರು ಹೋಗಿ ಇಪ್ಪತ್ತು ವರ್ಷಗಳ ಮೇಲಾಗಿತ್ತು.

ಎರಡನೆಯದು ಇದಕ್ಕೆ ತದ್ವಿರುದ್ಧ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಡಾ. ಸಿಡ್ನಿ ಫಾರ್ಬರ್ ಅವರಿಗೆ, ರಕ್ತದ ಕ್ಯಾನ್ಸರ್ ಇರುವ ಮಕ್ಕಳಿಗೆ ಫೋಲಿಕ್ ಆಮ್ಲದಂಥ ವಸ್ತು ಕೊಟ್ಟರೆ ಕಾಯಿಲೆ ಇನ್ನೂ ಜೋರಾಗುವಂತೆ ಕಂಡಿತು. ಹಾಗಾದರೆ ಅದನ್ನು ತಡೆದರೆ ಕ್ಯಾನ್ಸರ್ ಕಣಗಳು ಹಸಿದು ಸಾಯಬೇಕಲ್ಲವೇ? ಸುಬ್ಬರಾವ್ ಅವರ ತಂಡ ಫೋಲಿಕ್ ಆಮ್ಲದ ರಚನೆಯಲ್ಲಿ ಚೂರು ಬದಲಾವಣೆ ಮಾಡಿ ಅಮಿನಾಪ್ಟೆರಿನ್ ತಯಾರಿಸಿ ಕಳಿಸಿತು. ಬೀಗದೊಳಗೆ ಹೋಗುವ, ಆದರೆ ತಿರುಗದ ಕೀಲಿಕೈ ಇದ್ದಂತೆ ಅದು. ಅಸಲು ಕೀಲಿಗೂ ಜಾಗ ಬಿಡುವುದಿಲ್ಲ. 1948ರಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯಂತೆ, ತೀವ್ರ ಕಾಯಿಲೆಯ 16 ಮಕ್ಕಳಲ್ಲಿ 10 ಮಕ್ಕಳು ತಾತ್ಕಾಲಿಕವಾಗಿಯಾದರೂ ಚೇತರಿಸಿಕೊಂಡರು. ಅಲ್ಲಿಯವರೆಗೆ ಆ ಕಾಯಿಲೆ ಬಂದ ಮಗು ಕೆಲವು ವಾರ, ತಿಂಗಳುಗಳಲ್ಲಿ ತೀರಿಹೋಗುತ್ತಿತ್ತು. ಅದರ ತಮ್ಮನಂತಿರುವ ಮೆಥೊಟ್ರೆಕ್ಸೇಟ್ ಈಗಲೂ ಮಕ್ಕಳ ರಕ್ತದ ಕ್ಯಾನ್ಸರಿಗೆ ಬಳಕೆಯಲ್ಲಿದೆ. ಕೈಬೆರಳ ಗಂಟುಗಳು ಊದಿ ಸೊಟ್ಟಗಾಗುವ ವಾತಕ್ಕೆ ವಾರಕ್ಕೊಂದು ದಿನ ಇದೇ ಮಾತ್ರೆ ತೆಗೆದುಕೊಳ್ಳುವ ಹಿರಿಯರು ನಮ್ಮೂರುಗಳಲ್ಲೂ ಇದ್ದಾರೆ.

ಮೂರನೆಯದು ಆನೆಕಾಲು ರೋಗದ ಮಾತ್ರೆ. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹೋದ ಅಮೆರಿಕದ ಸೈನಿಕರಿಗೆ ಈ ರೋಗ ತಗುಲಿದಾಗ ಔಷಧಿಯ ಹುಡುಕಾಟ ಜೋರಾಯಿತು. 1947ರ ಹೊತ್ತಿಗೆ ಲೆಡರ್ಲೆಯಿಂದ ಬಂದದ್ದೇ ನಾವು ಡಿ.ಇ.ಸಿ. ಎಂದು ಕರೆಯುವ ಔಷಧಿ. ಘಟ್ಟದ ಕೆಳಗಿನ ಕರಾವಳಿಯಲ್ಲಿ ಕೆಲಸ ಮಾಡುತ್ತಿದ್ದಾಗ ನಾನು ರಾತ್ರಿ ಎಂಟರ ಮೇಲೆ ಮನೆಮನೆಗೆ ಹೋಗಿ ಬೆರಳು ಚುಚ್ಚಿ ರಕ್ತ ತೆಗೆಯುತ್ತಿದ್ದೆ. ಆ ಹುಳುವಿನ ಮರಿಗಳು ರಕ್ತದಲ್ಲಿ ಓಡಾಡುವುದು ರಾತ್ರಿ ಹೊತ್ತಿನಲ್ಲೇ. ಸೂಕ್ಷ್ಮದರ್ಶಕದಲ್ಲಿ ಹುಳು ಕಂಡವರಿಗೆ ಕೊಡುತ್ತಿದ್ದ ಮಾತ್ರೆ ಡಿ.ಇ.ಸಿ. ಕಾಲು ಊದುವುದಕ್ಕೆ ಮುಂಚೆ ನುಂಗಿದರೆ ಮನುಷ್ಯ ಉಳಿದ ಆಯುಷ್ಯವೆಲ್ಲ ನೆಟ್ಟಗೆ ನಡೆಯಬಹುದು.

ನಾಲ್ಕನೆಯದು ಮಣ್ಣಿನಿಂದ ಬಂತು. ಸುಬ್ಬರಾವ್ ನಿರ್ದೇಶಕರಾಗಿದ್ದಾಗ, ಎಪ್ಪತ್ತು ದಾಟಿದ ಬೆಂಜಮಿನ್ ಡಗ್ಗರ್ ಎಂಬ ಸಸ್ಯವಿಜ್ಞಾನಿ ಊರೂರಿನ ಮಣ್ಣು ಪರೀಕ್ಷಿಸಿ ಆರಿಯೋಮೈಸಿನ್ ಎಂಬ ಪ್ರತಿಜೀವಕವನ್ನು ಕಂಡುಹಿಡಿದರು. 1948ರಲ್ಲಿ ಅದು ಪ್ರಕಟವಾಯಿತು. ಟೆಟ್ರಾಸೈಕ್ಲಿನ್ ಬಳಗದ ಮೊದಲ ಔಷಧಿ ಅದು. ಮಳೆಗಾಲದಲ್ಲಿ ಗದ್ದೆ, ತೋಟದ ಕೆಸರಿನಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಇಲಿಜ್ವರ ಬಂದಾಗ ವೈದ್ಯರು ಬರೆದುಕೊಡುವ ಡಾಕ್ಸಿಸೈಕ್ಲಿನ್ ಅದೇ ಬಳಗದ್ದು.

ಇಷ್ಟೆಲ್ಲ ಕೊಟ್ಟವರ ಸ್ವಂತ ಬದುಕಿನಲ್ಲಿ ಕಳೆದುಕೊಂಡದ್ದೂ ಬಹಳ. ಅಮೆರಿಕಕ್ಕೆ ಹೊರಟಾಗ ಹೆಂಡತಿ ಗರ್ಭಿಣಿ. ಹುಟ್ಟಿದ ಗಂಡುಮಗುವನ್ನು ತಂದೆ ನೋಡಲೇ ಇಲ್ಲ, ಅದು ವರ್ಷ ತುಂಬುವ ಮೊದಲೇ ತೀರಿಕೊಂಡಿತು. ಕೆಲವು ವರ್ಷ ಓದಿ ಬರುತ್ತೇನೆಂದು ಹೋದವರು ಹಿಂತಿರುಗಲಿಲ್ಲ. ಜಗತ್ತಿನ ಎಷ್ಟೋ ಮನೆಗಳಿಗೆ ಒಳ್ಳೆಯದಾದ ಕೆಲಸದ ಬೆಲೆಯನ್ನು ಶೇಷಗಿರಿಯಮ್ಮನವರು ಒಬ್ಬರೇ ತೆತ್ತರು. ಸುಬ್ಬರಾವ್ ಅವರನ್ನು ಹೊಗಳುವಾಗ ಆ ತಾಯಿಯನ್ನೂ, ಒಡವೆ ಮಾರಿದ ವೆಂಕಮ್ಮನವರನ್ನೂ ನೆನೆಯದಿದ್ದರೆ ಲೆಕ್ಕ ಸರಿಹೋಗುವುದಿಲ್ಲ.

ಭಾರತ ಸ್ವತಂತ್ರವಾದ ಮರುವರ್ಷ, 1948ರ ಆಗಸ್ಟಿನಲ್ಲಿ, ಅವರು ನಿದ್ದೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಆಗ ವಯಸ್ಸು 53. ಫಾರ್ಬರ್ ಅವರ ವರದಿ ಪ್ರಕಟವಾಗಿ ಎರಡು ತಿಂಗಳಾಗಿತ್ತಷ್ಟೆ. ನೊಬೆಲ್ ಬರಲಿಲ್ಲ. ಸಭೆ, ಸನ್ಮಾನ, ಪತ್ರಿಕೆಗಳಲ್ಲಿ ಫೋಟೋ ಇವುಗಳ ಹಂಬಲ ಅವರಿಗೆ ಇದ್ದಂತಿಲ್ಲ. ಶಿಲೀಂಧ್ರವೊಂದಕ್ಕೆ ವಿಜ್ಞಾನಿಗಳು ಅವರ ಹೆಸರಿಟ್ಟರು. 1995ರಲ್ಲಿ, ಹುಟ್ಟಿದ ನೂರನೆಯ ವರ್ಷಕ್ಕೆ, ನಮ್ಮ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿತು.

ನಮ್ಮ ಶಾಲೆಯ ಮಕ್ಕಳಲ್ಲಿ ತೋಟದ ಲೈನ್ ಮನೆಗಳಿಂದ ಬರುವವರು, ಮನೆಯಲ್ಲಿ ಮೊದಲ ಸಲ ಪುಸ್ತಕ ಹಿಡಿದವರು, ಎಸ್.ಎಸ್.ಎಲ್.ಸಿ.ಯಲ್ಲಿ ಒಂದೆರಡು ವಿಷಯ ಹೋಗಿ ಕೊಯ್ಲಿನ ಕೆಲಸಕ್ಕೆ ಇಳಿದವರು ಇದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟೆ: ಮತ್ತೊಮ್ಮೆ ಪರೀಕ್ಷೆಗೆ ಕಟ್ಟಿ. ಮೂರನೆಯ ಸಲಕ್ಕೆ ಪಾಸಾದವರು ಏನು ಮಾಡಬಲ್ಲರು ಎಂಬುದಕ್ಕೆ ನೀವು ನುಂಗುವ ಗುಳಿಗೆಯೇ ಸಾಕ್ಷಿ.

ಮಾಡುವ ಕೆಲಸವೂ ಬೇಕಾದಷ್ಟಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇವತ್ತಿಗೂ ಬೇಸಿಗೆ ಬಂತೆಂದರೆ ಮಲೆನಾಡನ್ನು ಹೆದರಿಸುತ್ತದೆ. ಸೌದೆಗೆ, ದರಗಿಗೆ ಕಾಡಿಗೆ ಹೋದವರನ್ನು ಉಣುಗು ಕಚ್ಚಿ ಜ್ವರ ಬರುತ್ತದೆ. ಆ ವೈರಾಣುವನ್ನೇ ಕೊಲ್ಲುವ ಖಚಿತ ಔಷಧಿ ಇನ್ನೂ ಇಲ್ಲ. ವೈದ್ಯರು ನೀರು, ಲವಣ ಕೊಟ್ಟು, ರಕ್ತಸ್ರಾವ ನೋಡಿಕೊಂಡು ಕಾಯಬೇಕು. ಆ ಔಷಧಿ ದೂರದ ಊರಿನಿಂದಲೇ ಬರಬೇಕೆಂದೇನೂ ಇಲ್ಲ. ಕಾಯಿಲೆಯನ್ನು ಮನೆಯಲ್ಲಿ ಕಂಡವರಿಗೆ ಅದರ ಮೇಲೆ ಇರುವ ಹಟ ಬೇರೆಯವರಿಗೆ ಇರುವುದಿಲ್ಲ.