ಒಂದು ಗುಬ್ಬಚ್ಚಿಯಿಂದ ಶುರುವಾದ ಬದುಕು

ಮಾರ್ಚ್ ಬಂತೆಂದರೆ ಗೋರೆಗಾಂವಿನ ನಮ್ಮ ಅಡುಗೆಮನೆಯ ಕಿಟಕಿಯಾಚೆ ಮಡಿವಾಳ ಹಕ್ಕಿ ಹಾಡಲು ತೊಡಗುತ್ತದೆ. ಕಪ್ಪು ಬಿಳುಪಿನ ಪುಟ್ಟ ಹಕ್ಕಿ, ಬಾಲ ಸದಾ ಮೇಲಕ್ಕೆ. ಇಪ್ಪತ್ತು ವರ್ಷ ಆ ಮರದ ಕೆಳಗೇ ಓಡಾಡಿದರೂ ನಾನು ಅದನ್ನು ನೋಡಿರಲಿಲ್ಲ. ಡಬ್ಬಿ ಕಟ್ಟಿ ಲೋಕಲ್ ಹಿಡಿಯುವವಳಿಗೆ ಪುರುಸೊತ್ತೆಲ್ಲಿ? ನಿವೃತ್ತಿಯಾದ ಮೇಲೆ ಮಗಳು ತಂದುಕೊಟ್ಟ ಪುಸ್ತಕವೊಂದು ನನ್ನ ಕಣ್ಣು ತೆರೆಸಿತು. ಅದನ್ನು ಬರೆದವರು ಇದೇ ಊರಿನ ಡಾ. ಸಲೀಂ ಅಲಿ.

ಅವರು ಹುಟ್ಟಿದ್ದು 1896ರ ನವೆಂಬರ್ 12ರಂದು. ಮನೆಯ ಕೊನೆಯ ಮಗು. ವರ್ಷ ತುಂಬುವಾಗ ತಂದೆ ಹೋದರು, ಮೂರು ವರ್ಷಕ್ಕೆ ತಾಯಿಯೂ ಹೋದರು. ಖೇತ್ವಾಡಿಯಲ್ಲಿದ್ದ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಮಕ್ಕಳಿಲ್ಲದ ಅತ್ತೆ ಹಮೀದಾ ಬೇಗಂ ಈ ತಬ್ಬಲಿಗಳನ್ನು ಸಾಕಿದರು. ಹುಡುಗನಿಗೆ ಏರ್‌ಗನ್ನಿನಿಂದ ಗುಬ್ಬಚ್ಚಿ ಹೊಡೆಯುವ ಹುಚ್ಚು. ಒಂದು ದಿನ ಬಿದ್ದ ಗುಬ್ಬಚ್ಚಿಯ ಕತ್ತಿನಲ್ಲಿ ಹಳದಿ ಮಚ್ಚೆಯಿತ್ತು. ಇದು ಯಾವ ಹಕ್ಕಿ ಎಂದು ಮಾವನನ್ನು ಕೇಳಿದ. ಗೊತ್ತಿಲ್ಲದ ಮಾವ ಗದರಲಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲರ್ಡ್ ಸಾಹೇಬರ ಬಳಿಗೆ ಕಳುಹಿಸಿದರು. ಮಿಲ್ಲರ್ಡ್ ಹಕ್ಕಿಯನ್ನು ಗುರುತಿಸಿದ್ದಷ್ಟೇ ಅಲ್ಲ, ಸಂಗ್ರಹದಲ್ಲಿದ್ದ ನೂರಾರು ಹಕ್ಕಿಗಳನ್ನು ತೋರಿಸಿದರು, ಓದಲು ಪುಸ್ತಕ ಕೊಟ್ಟರು. ಮಕ್ಕಳ ಪ್ರಶ್ನೆಗೆ ದೊಡ್ಡವರು ಕೊಡುವ ಅರ್ಧ ಗಂಟೆ ಎಲ್ಲಿಗೆ ಮುಟ್ಟೀತು ನೋಡಿ!

ಮುಂದಿನ ದಾರಿ ಸುಗಮವಾಗಿರಲಿಲ್ಲ. ಸೇಂಟ್ ಝೇವಿಯರ್ಸ್ ಕಾಲೇಜಿನ ಗಣಿತ ತಲೆಗೆ ಹತ್ತದೆ ಬರ್ಮಾಕ್ಕೆ ಹೋದರು. ಅಲ್ಲಿ ಮನೆಯವರ ಗಣಿ, ಮರದ ವ್ಯವಹಾರ. ಅದಕ್ಕಿಂತ ಕಾಡೇ ಹೆಚ್ಚು ಹಿಡಿಸಿತು. ಮರಳಿ ಬಂದು 1918ರಲ್ಲಿ ತೆಹ್ಮಿನಾ ಅವರನ್ನು ಮದುವೆಯಾದರು. 1926ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮಿನಲ್ಲಿ ಜನರಿಗೆ ಪ್ರಾಣಿಪಕ್ಷಿಗಳ ವಿವರ ಹೇಳುವ ಕೆಲಸ ಸಿಕ್ಕಿತು. ರಜೆ ಪಡೆದು ಬರ್ಲಿನ್ನಿಗೆ ಹೋಗಿ ಪಕ್ಷಿಶಾಸ್ತ್ರಜ್ಞ ಸ್ಟ್ರೆಸೆಮನ್ ಅವರಲ್ಲಿ ಕಲಿತರು. 1930ರಲ್ಲಿ ಹಿಂದಿರುಗಿದರೆ ಹಣವಿಲ್ಲವೆಂದು ಆ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು. ವಯಸ್ಸು ಮೂವತ್ತನಾಲ್ಕು, ಪದವಿಯಿಲ್ಲ, ಕೆಲಸವಿಲ್ಲ.

ಗಂಡ ಹೀಗೆ ಕೈಚೆಲ್ಲಿ ಕೂತಾಗ ನಮ್ಮಲ್ಲಿ ಎಷ್ಟು ಮಂದಿ ಹಕ್ಕಿ ನೋಡುತ್ತಿರಿ ಎಂದೇವು? ಬೇರೆ ಏನಾದರೂ ಉದ್ಯೋಗ ಹುಡುಕಿ ಎಂದೇ ಹೇಳುತ್ತಿದ್ದೆವು. ತೆಹ್ಮಿನಾ ಗಂಡನ ಜತೆ ಅಲಿಬಾಗ್ ಬಳಿಯ ಕಿಹಿಮ್ ಎಂಬ ಕಡಲತೀರದ ಹಳ್ಳಿಗೆ ಹೊರಟರು. ಆ ಮಳೆಗಾಲದಲ್ಲಿ ಮನೆಯ ಹತ್ತಿರ ಗೀಜಗಗಳು ಗೂಡು ಕಟ್ಟುತ್ತಿದ್ದವು. ದಿನಗಟ್ಟಲೆ ಕೂತು ನೋಡಿದ ಸಲೀಂ ಅಲಿಯವರಿಗೆ ಆ ಹಕ್ಕಿಗಳ ಸಂಸಾರದ ಗುಟ್ಟು ತಿಳಿಯಿತು. ಗಂಡು ಅರ್ಧ ಗೂಡು ನೇಯುತ್ತದೆ. ಹೆಣ್ಣು ಬಂದು ಒಳಹೊರಗೆಲ್ಲ ಪರೀಕ್ಷಿಸುತ್ತದೆ. ಮೆಚ್ಚಿದರೆ ಮಾತ್ರ ಅಲ್ಲಿ ನೆಲೆಸುತ್ತದೆ, ಇಲ್ಲದಿದ್ದರೆ ಹಾರಿಹೋಗುತ್ತದೆ. ಮೆಚ್ಚಿದರೆ ಗಂಡು ಗೂಡನ್ನು ಪೂರ್ತಿಮಾಡಿ, ಇನ್ನೊಂದು ಗೂಡು, ಇನ್ನೊಬ್ಬಳು ಎಂದು ಹೊರಡುತ್ತದೆ. ಮೊಟ್ಟೆಗೆ ಕಾವು ಕೊಡುವುದು ತಾಯಿಯೊಬ್ಬಳೇ. ಈ ಅಧ್ಯಯನ ಅವರಿಗೆ ಹೆಸರು ತಂದಿತು. ಕೆಲಸ ಹೋಗದಿದ್ದರೆ ಆ ಮಳೆಗಾಲವೇ ಅವರಿಗೆ ಸಿಗುತ್ತಿರಲಿಲ್ಲ.

ಆಮೇಲೆ ಸಂಬಳವಿಲ್ಲದೆ, ಖರ್ಚು ಮಾತ್ರ ಪಡೆದು, ಹೈದರಾಬಾದು, ತಿರುವಾಂಕೂರು ಮುಂತಾದ ಸಂಸ್ಥಾನಗಳ ಹಕ್ಕಿಗಳ ಸಮೀಕ್ಷೆ ಮಾಡಿದರು. ಡೇರೆಯ ಬದುಕಿನಲ್ಲೂ ತೆಹ್ಮಿನಾ ಜತೆಗಿದ್ದರು. 1939ರಲ್ಲಿ ಒಂದು ಚಿಕ್ಕ ಶಸ್ತ್ರಚಿಕಿತ್ಸೆಯ ನಂತರ ಅವರು ತೀರಿಕೊಂಡರು. ಸಲೀಂ ಅಲಿ ಮತ್ತೆ ಮದುವೆಯಾಗಲಿಲ್ಲ. ತಂಗಿಯಂತೆ ನೋಡಿಕೊಳ್ಳುವ ಅಕ್ಕ ಕಮೂ ಮತ್ತು ಭಾವನ ಮನೆಯಲ್ಲಿ ಉಳಿದರು.

ನಮ್ಮ ಮೈಸೂರು ಸೀಮೆಗೂ ಅವರ ಋಣವಿದೆ. ಅಲ್ಲಿನ ಹಕ್ಕಿಗಳ ಸಮೀಕ್ಷೆಯನ್ನೂ ಅವರೇ ಮಾಡಿದರು. ಕಾವೇರಿಯ ನಡುಗಡ್ಡೆಗಳಲ್ಲಿ ನೀರುಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು ಮೈಸೂರು ಅರಸರಿಗೆ ಹೇಳಿದರು. 1940ರಲ್ಲಿ ರಂಗನತಿಟ್ಟು ರಕ್ಷಿತ ತಾಣವಾಯಿತು. ಊರಿಗೆ ಹೋದಾಗ ಅಲ್ಲಿ ದೋಣಿಯಲ್ಲಿ ಕೂರುವ ನಮಗೆ ಇದು ನೆನಪಿರಬೇಕು.

ಅವರ ಪಕ್ಷಿಪುಸ್ತಕ ಪ್ರಕಟವಾದದ್ದು 1941ರಲ್ಲಿ. ಡಿಲ್ಲನ್ ರಿಪ್ಲೆ ಜತೆ ಬರೆದ ಹತ್ತು ಸಂಪುಟಗಳ ಕೈಪಿಡಿ 1968ರಿಂದ 1974ರವರೆಗೆ ಹೊರಬಂತು. 1976ರಲ್ಲಿ ಪದ್ಮವಿಭೂಷಣ ಬಂತು. ಗೆಟ್ಟಿ ಪ್ರಶಸ್ತಿಯ 50,000 ಡಾಲರನ್ನು ನಿಸರ್ಗ ರಕ್ಷಣೆಯ ನಿಧಿಗೆ ಕೊಟ್ಟುಬಿಟ್ಟರು. ಅಧ್ಯಯನಕ್ಕಾಗಿ ಹಕ್ಕಿಗಳನ್ನು ಗುಂಡಿಕ್ಕಿ ಸಂಗ್ರಹಿಸಿದವರೂ ಅವರೇ. ಆ ಕಾಲದ ಪಕ್ಷಿಶಾಸ್ತ್ರ ನಡೆಯುತ್ತಿದ್ದುದೇ ಹಾಗೆ. ಅದನ್ನು ಅವರು ಮುಚ್ಚಿಡಲಿಲ್ಲ. ಅದೇ ಮನುಷ್ಯ ಭರತಪುರಕ್ಕಾಗಿ, ಸೈಲೆಂಟ್ ವ್ಯಾಲಿಗಾಗಿ ದನಿಯೆತ್ತಿದರು. 1987ರ ಜೂನ್ 20ರಂದು ಮುಂಬಯಿಯಲ್ಲೇ ಕಣ್ಮುಚ್ಚಿದರು.

ಕಳೆದ ಮೇ ತಿಂಗಳಲ್ಲಿ ನಮ್ಮ ಸೊಸೈಟಿಯಲ್ಲಿ ಮಳೆಗೆ ಮುಂಚೆ ಮರದ ಕೊಂಬೆ ಕಡಿಸುವ ಮಾತು ಬಂತು. ಅದರಲ್ಲಿ ಪಿಕಳಾರದ ಗೂಡಿತ್ತು. ಸಭೆಯಲ್ಲಿ ಎಂದೂ ಬಾಯಿ ತೆರೆಯದ ನಾನು ಎದ್ದುನಿಂತು, ಮರಿಗಳು ಹಾರುವ ತನಕ ಆ ಒಂದು ಕೊಂಬೆಯನ್ನು ಬಿಡಿ ಎಂದೆ. ಕೆಲವರು ನಕ್ಕರು. ಆದರೂ ಕೊಂಬೆ ಉಳಿಯಿತು. ಎರಡು ವಾರದಲ್ಲಿ ಗೂಡು ಖಾಲಿಯಾಯಿತು.

ಗೆಳತಿಯರೇ, ಕಿಟಕಿ ಎಲ್ಲರ ಮನೆಯಲ್ಲೂ ಇದೆ. ಚಹಾ ಕುದಿಯುವಷ್ಟು ಹೊತ್ತು ಹೊರಗೆ ನೋಡಿ. ಮೊಮ್ಮಕ್ಕಳು ಇದು ಯಾವ ಹಕ್ಕಿ ಎಂದು ಕೇಳಿದರೆ, ಗೊತ್ತಿಲ್ಲದಿದ್ದರೂ ಗದರಬೇಡಿ. ಜತೆಗೆ ಕೂತು ಹುಡುಕಿ.