ಕಾರ್ಲ್ ಕೊಲ್ಲರ್ ಕೊಟ್ಟ ಆಯ್ಕೆ

ಮೂಗಿನ ಅಂದ ತಿದ್ದಿಸಿಕೊಳ್ಳುವ ಶಸ್ತ್ರಚಿಕಿತ್ಸೆ ಈಗ ನಮ್ಮ ಮಧ್ಯಮ ವರ್ಗಕ್ಕೆ ಅಪರಿಚಿತವಲ್ಲ. ಅದಕ್ಕೆ ಮುಂದಾದವರ ಎದುರು ಬೇಗನೆ ಬಂದು ನಿಲ್ಲುವ ಪ್ರಶ್ನೆ ಒಂದುಂಟು: ಮೂಗನ್ನಷ್ಟೇ ಮರಗಟ್ಟಿಸಿಕೊಂಡು ಎಚ್ಚರವಾಗಿರುವುದೋ, ಸಂಪೂರ್ಣ ಅರಿವಳಿಕೆಗೆ ಒಳಗಾಗುವುದೋ? ಹೀಗೊಂದು ಆಯ್ಕೆ ನಮಗೆ ದಕ್ಕಿದ್ದು ವಿಯೆನ್ನಾದ ವೈದ್ಯ ಕಾರ್ಲ್ ಕೊಲ್ಲರ್ ಅವರಿಂದ. ಅವರ ಬದುಕನ್ನು ಅರಿತರೆ ಆಯ್ಕೆಯ ಮರ್ಮವೂ ತಿಳಿದೀತೆಂದು ನನ್ನ ನಂಬಿಕೆ.

ಕೊಲ್ಲರ್ ಹುಟ್ಟಿದ್ದು 1857ರಲ್ಲಿ, ಬೊಹೆಮಿಯಾದ ಯಹೂದಿ ಕುಟುಂಬವೊಂದರಲ್ಲಿ. ಅವರು ವೈದ್ಯರಾಗುವ ವೇಳೆಗೆ ಈಥರ್ ಮತ್ತು ಕ್ಲೋರೋಫಾರ್ಮ್ ಬಳಕೆಗೆ ಬಂದು ದಶಕಗಳೇ ಕಳೆದಿದ್ದವು. ಆದರೆ ಕಣ್ಣಿನ ಶಸ್ತ್ರಚಿಕಿತ್ಸೆಗೆ ಅವು ಒಗ್ಗುತ್ತಿರಲಿಲ್ಲ. ಮುಖದ ಮೇಲೆ ಹಿಡಿದ ಮುಸುಕು ವೈದ್ಯರ ಕೈಗೆ ಅಡ್ಡವಾಗುತ್ತಿತ್ತು; ಎಚ್ಚರವಾದ ರೋಗಿ ವಾಂತಿ ಮಾಡಿಕೊಂಡರೆ ಹೊಲಿದ ಗಾಯ ಬಿರಿಯುವ ಭಯವಿತ್ತು. ಆದ್ದರಿಂದ ಕಣ್ಣನ್ನು ಮಾತ್ರ ಮರಗಟ್ಟಿಸುವ ವಸ್ತುವಿಗಾಗಿ ಕೊಲ್ಲರ್ ಮಾರ್ಫಿನ್ ಮೊದಲಾದವನ್ನು ಪರೀಕ್ಷಿಸಿ ಸೋತಿದ್ದರು.

1884ರಲ್ಲಿ ಅವರ ಸ್ನೇಹಿತ ಸಿಗ್ಮಂಡ್ ಫ್ರಾಯ್ಡ್ ಕೊಕೇನ್ ಕುರಿತು ಅಧ್ಯಯನ ನಡೆಸುತ್ತಿದ್ದರು. ಅದು ನಾಲಿಗೆಯನ್ನು ಜಡಗೊಳಿಸುತ್ತದೆಂಬುದು ಹಲವರಿಗೆ ಗೊತ್ತಿದ್ದ ಸಂಗತಿ. ಅದರ ಅರ್ಥ ಹೊಳೆದದ್ದು ಮಾತ್ರ ಉತ್ತರ ಹುಡುಕುತ್ತಿದ್ದ ಕೊಲ್ಲರ್‌ಗೆ. ಕಪ್ಪೆಯ ಕಣ್ಣಿನ ಮೇಲೆ ಪ್ರಯೋಗಿಸಿ, ಬಳಿಕ ತಮ್ಮ ಕಣ್ಣಿಗೇ ದ್ರಾವಣ ಹಾಕಿಕೊಂಡು ಗುಂಡುಸೂಜಿಯ ತಲೆಯಿಂದ ಮುಟ್ಟಿ ನೋಡಿಕೊಂಡರು. ಸೆಪ್ಟೆಂಬರ್ 15ರಂದು ಹೈಡೆಲ್‌ಬರ್ಗ್‌ನ ನೇತ್ರವೈದ್ಯರ ಸಮ್ಮೇಳನದಲ್ಲಿ ಅವರ ಪ್ರಬಂಧವನ್ನು ಓದಿದವರು ಬೇರೊಬ್ಬ ವೈದ್ಯರು. ಪ್ರಯಾಣದ ವೆಚ್ಚ ಭರಿಸುವ ಶಕ್ತಿ ಕೊಲ್ಲರ್‌ಗೆ ಇರಲಿಲ್ಲ. ವಿಧಾನವು ಬಹುಬೇಗ ಗಂಟಲು, ಮೂಗುಗಳ ಚಿಕಿತ್ಸೆಗೂ ಹಬ್ಬಿತು. ಕೊಕೇನ್ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಮೂಗಿನಲ್ಲಿ ರಕ್ತಸ್ರಾವವೂ ತಗ್ಗುತ್ತಿತ್ತು.

ಕೀರ್ತಿ ಬಂದರೂ ನೆಲೆ ಸಿಗಲಿಲ್ಲ. 1885ರ ಜನವರಿಯಲ್ಲಿ ಸಹೋದ್ಯೋಗಿಯೊಬ್ಬ ಅವರ ಜನಾಂಗವನ್ನು ಹಿಡಿದು ಹೀಯಾಳಿಸಿದಾಗ ಕೊಲ್ಲರ್ ಕೈಮಾಡಿದರು. ಅದು ಖಡ್ಗಗಳ ದ್ವಂದ್ವಯುದ್ಧಕ್ಕೆ ತಿರುಗಿ ಎದುರಾಳಿ ಗಾಯಗೊಂಡ. ಬಯಸಿದ ಹುದ್ದೆ ವಿಯೆನ್ನಾದಲ್ಲಿ ಕೈಗೂಡಲಿಲ್ಲ. ಹಾಲೆಂಡಿನಲ್ಲಿ ಕೆಲಕಾಲವಿದ್ದು, 1888ರಲ್ಲಿ ನ್ಯೂಯಾರ್ಕ್ ಸೇರಿ ನೇತ್ರವೈದ್ಯರಾಗಿಯೇ ಬಾಳಿ 1944ರಲ್ಲಿ ತೀರಿಕೊಂಡರು.

ಅಷ್ಟರಲ್ಲಿ ಅವರ ಕೊಡುಗೆಯ ಇನ್ನೊಂದು ಮುಖವೂ ಬಯಲಾಗಿತ್ತು. ಕೊಕೇನ್ ಪ್ರಮಾಣ ಮೀರಿ ರೋಗಿಗಳು ಸತ್ತರು. ಅದನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡ ಅಮೆರಿಕದ ಶಸ್ತ್ರವೈದ್ಯ ಹಾಲ್‌ಸ್ಟೆಡ್ ವ್ಯಸನಕ್ಕೆ ಬಿದ್ದರು. 20ನೆಯ ಶತಮಾನದ ಆರಂಭದಲ್ಲಿ ನೋವೊಕೇನ್, 1940ರ ದಶಕದಲ್ಲಿ ಲಿಡೊಕೇನ್ ಬಂದು ಅಪಾಯ ತಗ್ಗಿತು. ಆದರೆ ಇವುಗಳಿಗೂ ಮೀರಬಾರದ ಪ್ರಮಾಣವಿದೆ. ಮೀರಿದರೆ ಮಿದುಳಿಗೂ ಹೃದಯಕ್ಕೂ ಕುತ್ತು. ಇತ್ತ ಸಂಪೂರ್ಣ ಅರಿವಳಿಕೆಯೂ ಬದಲಾಗಿತ್ತು. ಮೊದಲ ಮಹಾಯುದ್ಧದಲ್ಲಿ ಮುಖ ಛಿದ್ರಗೊಂಡ ಸೈನಿಕರಿಗಾಗಿ ಇಂಗ್ಲೆಂಡಿನ ಸಿಡ್‌ಕಪ್ ಆಸ್ಪತ್ರೆಯಲ್ಲಿ ಮ್ಯಾಗಿಲ್ ಮತ್ತು ರೌಬಾಥಮ್ ಶ್ವಾಸನಾಳಕ್ಕೆ ಕೊಳವೆ ಇಳಿಸುವ ಕ್ರಮವನ್ನು ರೂಢಿಗೆ ತಂದರು. ಮುಸುಕಿನ ಅಡಚಣೆ ತಪ್ಪಿತು. ರಕ್ತ ಶ್ವಾಸಕೋಶಕ್ಕೆ ಇಳಿಯದಂತೆ ತಡೆಯುವ ದಾರಿಯೂ ತೆರೆಯಿತು.

ಈ ಚರಿತ್ರೆ ನನಗೆ ಮುಖ್ಯವೆನಿಸಿದ್ದಕ್ಕೆ ಕಾರಣವಿದೆ. ನನ್ನ ಬಂಧುವೊಬ್ಬರ ಮಗಳಿಗೆ ನಗರದ ಚಿಕಿತ್ಸಾಲಯವೊಂದು ಎರಡು ದರಗಳ ಪಟ್ಟಿ ನೀಡಿತು. ಸ್ಥಳೀಯ ಅರಿವಳಿಕೆಯದು ಅಗ್ಗ. ಅರಿವಳಿಕೆ ತಜ್ಞರೇ ಬೇಕಿಲ್ಲವೆಂಬ ಭರವಸೆಯೂ ಜೊತೆಗಿತ್ತು. ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದ ಪೇಟೆಯಲ್ಲಿ ಬೆಲೆ ದಾರಿ ತಪ್ಪಿಸುತ್ತದೆಂದು ನಾನು ಕಲಿತ ಅರ್ಥಶಾಸ್ತ್ರ ಹೇಳುತ್ತದೆ.

ಮೂಗಿನ ತುದಿಯ ಸಣ್ಣ ತಿದ್ದುಪಡಿ ಸ್ಥಳೀಯ ಅರಿವಳಿಕೆಯಲ್ಲಿ ಸುಸೂತ್ರವಾಗಿ ನಡೆಯುತ್ತದೆ. ವಾಕರಿಕೆ ಕಡಿಮೆ, ಮನೆಗೆ ಮರಳುವುದೂ ಬೇಗ. ಮೂಳೆ ಕತ್ತರಿಸಬೇಕಾದಾಗ, ನಡುಗೋಡೆಯನ್ನು ನೇರಗೊಳಿಸಬೇಕಾದಾಗ, ಕೆಲಸ ಗಂಟೆಗಟ್ಟಲೆ ಹಿಡಿಯುವಾಗ ಅಥವಾ ರೋಗಿ ತೀರಾ ಅಂಜುವವನಾದಾಗ ಸಂಪೂರ್ಣ ಅರಿವಳಿಕೆಯೇ ಹೆಚ್ಚು ಯೋಗ್ಯ. ಆರೋಗ್ಯವಂತರಲ್ಲಿ ಅದರ ಗಂಭೀರ ಅಪಾಯ ವಿರಳ. ನಿಜಕ್ಕೂ ಎಚ್ಚರ ಬೇಕಾದದ್ದು ಇವೆರಡರ ನಡುವಿನ ಹಾದಿಯಲ್ಲಿ. ಸ್ಥಳೀಯ ಅರಿವಳಿಕೆಯ ಜೊತೆ ಗಾಢವಾದ ಮಂಪರಿನ ಔಷಧ ಕೊಟ್ಟರೆ ಕೆಮ್ಮಿ ರಕ್ತವನ್ನು ಹೊರಹಾಕುವ ಶಕ್ತಿ ಕುಂದುತ್ತದೆ. ಕಾಪಾಡಲು ಕೊಳವೆಯೂ ಇರುವುದಿಲ್ಲ. ಅಲ್ಲಿ ಅರಿವಳಿಕೆ ತಜ್ಞರು ಇಲ್ಲದಿರುವುದು ಉಳಿತಾಯವಲ್ಲ.

ಆದ್ದರಿಂದ ದರಪಟ್ಟಿ ನೋಡುವ ಮುನ್ನ ಕೇಳಬೇಕಾದ ಪ್ರಶ್ನೆಗಳಿವೆ. ಮೂಳೆ ಮುಟ್ಟುತ್ತೀರಾ? ಎಷ್ಟು ಹೊತ್ತು ಹಿಡಿಯುತ್ತದೆ? ಮಂಪರಿನ ಔಷಧ ಕೊಡುವವರು ಯಾರು? ನನ್ನ ಉಸಿರನ್ನು ಗಮನಿಸುವವರು ಯಾರು? ಕೊಲ್ಲರ್ ಹುಡುಕಿದ್ದು ಅಗ್ಗದ ವಿಧಾನವನ್ನಲ್ಲ, ಕಣ್ಣೆಂಬ ಅಂಗಕ್ಕೆ ತಕ್ಕುದಾದ ವಿಧಾನವನ್ನು. ಮೂಗಿನ ವಿಷಯದಲ್ಲೂ ನಿರ್ಧಾರ ಅದೇ ನ್ಯಾಯದಿಂದ ಆಗಲಿ.