ಮಾಂಟಿಸೆಲೊದ ನೆಲಮಾಳಿಗೆ

ವರ್ಜೀನಿಯಾದಲ್ಲಿರುವ ನನ್ನ ಮಗಳ ಮನೆಗೆ ನೂರೈವತ್ತು ಬಾಟಲಿ ಹಿಡಿಸುವ ವೈನ್ ಕೂಲರೊಂದು ಬಂದಿಳಿದ ದಿನ ನಾನು ಅಲ್ಲಿಯೇ ಇದ್ದೆ. ಅದನ್ನು ಆರಿಸುವುದಕ್ಕೆ ಅಳಿಯಂದಿರು ಎರಡು ತಿಂಗಳು ತೆಗೆದುಕೊಂಡಿದ್ದರು. ಹಿಂಬದಿಯಿಂದ ಬಿಸಿಗಾಳಿ ಬಿಡುವ ಯಂತ್ರವಾದರೆ ಗೋಡೆಯಿಂದ ಒಂದಿಷ್ಟು ಅಂತರ ಬಿಡಬೇಕು. ಕಪಾಟಿನೊಳಗೆ ಕೂರಿಸುವುದಾದರೆ ಮುಂಭಾಗದಿಂದ ಗಾಳಿ ಹೊರಹೋಗುವಂಥದ್ದೇ ಆಗಬೇಕು. ಕಂಪ್ರೆಸರ್ ಹೆಚ್ಚು ಅದುರಬಾರದು, ಗಾಜಿನ ಬಾಗಿಲಿನ ಮೂಲಕ ಬಿಸಿಲು ಬಾಟಲಿಗೆ ತಾಗಬಾರದು, ನೆಲ ಮಟ್ಟಸವಾಗಿರಬೇಕು, ತುಂಬಿದ ಯಂತ್ರದ ಭಾರವನ್ನು ಅದು ತಾಳಬೇಕು. ಇಷ್ಟೆಲ್ಲ ಲೆಕ್ಕ ಹಾಕಿದವರು ಬೇಸ್‌ಮೆಂಟಿನ ಬಾಗಿಲನ್ನು ಅಳೆಯಲು ಮರೆತಿದ್ದರು. ಟ್ರಕ್ಕು ಮನೆಮುಂದೆ ನಿಂತ ಮೇಲೆ ಬಾಗಿಲಿನ ಚೌಕಟ್ಟನ್ನೇ ಬಿಚ್ಚಿ, ಯಂತ್ರವನ್ನು ಓರೆಯಾಗಿ ಮಲಗಿಸಿ ಒಳಗೆ ಸಾಗಿಸಿದ್ದಾಯಿತು. ಹಾಗೆ ಮಲಗಿಸಿದ್ದರಿಂದ ಕಂಪ್ರೆಸರಿನ ಎಣ್ಣೆ ತನ್ನ ಜಾಗಕ್ಕೆ ಇಳಿಯಲೆಂದು ಒಂದು ಇಡೀ ದಿನ ಸ್ವಿಚ್ ಹಾಕದೆ ಬಿಡಬೇಕಾಯಿತು.

ಮದ್ಯವೆಂಬ ಶಬ್ದವನ್ನೇ ತಗ್ಗಿದ ದನಿಯಲ್ಲಿ ಉಚ್ಚರಿಸುತ್ತಿದ್ದ ಮನೆಯಿಂದ ಬಂದವನು ನಾನು. ಆದ್ದರಿಂದ ಈ ಸಂಭ್ರಮವನ್ನು ದೂರದಿಂದಲೇ ನೋಡುತ್ತಿದ್ದೆ. ನನ್ನ ಮೌನವನ್ನು ಅರ್ಥಮಾಡಿಕೊಂಡ ಅಳಿಯಂದಿರು, ಯಂತ್ರ ವಿಶ್ರಾಂತಿ ಪಡೆಯುವ ಆ ಬಿಡುವಿನ ದಿನ ಮಾಂಟಿಸೆಲೊಗೆ ಹೋಗಿಬರೋಣವೆಂದರು. ಕಾಲೇಜಿನಲ್ಲಿ ಮೂವತ್ತು ವರ್ಷ ರಾಜ್ಯಶಾಸ್ತ್ರ ಬೋಧಿಸಿದವನಿಗೆ ಥಾಮಸ್ ಜೆಫರ್ಸನ್ ಅಪರಿಚಿತನಲ್ಲ. 1776ರ ಸ್ವಾತಂತ್ರ್ಯ ಘೋಷಣೆಯ ಕರ್ತೃ, ಅಮೆರಿಕದ ಮೂರನೆಯ ಅಧ್ಯಕ್ಷ, ಧರ್ಮವನ್ನು ಪ್ರಭುತ್ವದಿಂದ ಬೇರ್ಪಡಿಸಿದ ಶಾಸನಕಾರ. ಆದರೆ ನಾನು ಪಾಠ ಮಾಡಿದ ಜೆಫರ್ಸನ್‌ಗೆ ಮನೆಯಿರಲಿಲ್ಲ, ಅಡುಗೆಮನೆಯಿರಲಿಲ್ಲ, ನೆಲಮಾಳಿಗೆಯಂತೂ ಇರಲೇ ಇಲ್ಲ.

ಜೆಫರ್ಸನ್ ಹುಟ್ಟಿದ್ದು 1743ರ ಏಪ್ರಿಲ್ 13ರಂದು, ವರ್ಜೀನಿಯಾದ ಶ್ಯಾಡ್‌ವೆಲ್‌ನಲ್ಲಿ. ಹದಿನಾಲ್ಕನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡ. ಉಳಿದದ್ದು ಭೂಮಿ ಮತ್ತು ಆ ಭೂಮಿಯಲ್ಲಿ ದುಡಿಯುವ ಗುಲಾಮರು. ಯುವಕ ವಕೀಲನಾದ, ಹತ್ತಿರದ ಬೆಟ್ಟದ ನೆತ್ತಿಯನ್ನು ಕಡಿಸಿ ಮಟ್ಟ ಮಾಡಿಸಿ, 1769ರ ಹೊತ್ತಿಗೆ ಅಲ್ಲೊಂದು ಮನೆ ಕಟ್ಟಲಾರಂಭಿಸಿದ. ಇಟಾಲಿಯನ್ ಭಾಷೆಯಲ್ಲಿ ಪುಟ್ಟ ಬೆಟ್ಟ ಎಂಬರ್ಥದ ಮಾಂಟಿಸೆಲೊ ಎಂಬುದು ಅದರ ಹೆಸರು. ನೀರಿನಿಂದ, ರಸ್ತೆಯಿಂದ ದೂರವಾದ ಬೆಟ್ಟದ ತುದಿಯಲ್ಲಿ ಮನೆ ಕಟ್ಟುವುದು ಜಾಣತನವಲ್ಲವೆಂದು ಯಾವ ಮೇಸ್ತ್ರಿಯಾದರೂ ಹೇಳಿಯಾನು. ನೋಟದ ಸೊಬಗಿಗಾಗಿ ಆತ ಆ ತೊಂದರೆಯನ್ನು ಒಪ್ಪಿಕೊಂಡ. ಹೊತ್ತು ತರುವವರು ಬೇರೆಯವರಾಗಿದ್ದಾಗ ಇಂಥ ಆಯ್ಕೆ ಸುಲಭವಾಗುತ್ತದೆ.

ವೈನ್‌ನ ಹುಚ್ಚು ಆತನಿಗೆ ಗಟ್ಟಿಯಾಗಿ ಹಿಡಿದದ್ದು ಫ್ರಾನ್ಸಿನಲ್ಲಿ. 1782ರಲ್ಲಿ ಪತ್ನಿ ಮಾರ್ಥಾ ತೀರಿಕೊಂಡಿದ್ದಳು. 1784ರಲ್ಲಿ ಪ್ಯಾರಿಸಿಗೆ ಹೋದ ಜೆಫರ್ಸನ್, ಮರುವರ್ಷ ಬೆಂಜಮಿನ್ ಫ್ರಾಂಕ್ಲಿನ್‌ನ ಸ್ಥಾನದಲ್ಲಿ ರಾಯಭಾರಿಯಾದ. ಫ್ರೆಂಚ್ ಪಾಕವಿದ್ಯೆ ಕಲಿಸುವ ಸಲುವಾಗಿಯೇ ಜೇಮ್ಸ್ ಹೆಮಿಂಗ್ಸ್ ಎಂಬ ಗುಲಾಮ ತರುಣನನ್ನು ಜೊತೆಗೆ ಕರೆದೊಯ್ದ. ಈ ಜೇಮ್ಸ್ ಮಾರ್ಥಾಳ ತಂದೆ ಜಾನ್ ವೇಲ್ಸ್‌ಗೆ ಗುಲಾಮ ಹೆಣ್ಣೊಬ್ಬಳಲ್ಲಿ ಹುಟ್ಟಿದವನೆಂದು ಇತಿಹಾಸಕಾರರು ಹೇಳುತ್ತಾರೆ. ಅಂದರೆ ಸಂಬಂಧದಲ್ಲಿ ಜೆಫರ್ಸನ್‌ನ ಭಾವಮೈದುನ, ಕಾಗದದಲ್ಲಿ ಆತನ ಸ್ವತ್ತು. ನಮ್ಮ ಪಠ್ಯಪುಸ್ತಕಗಳಲ್ಲಿ ಇಂಥ ನಂಟಸ್ತಿಕೆಗೆ ಜಾಗವಿರಲಿಲ್ಲ.

1786ರಲ್ಲಿ ಮಣಿಕಟ್ಟು ಮುರಿದುಕೊಂಡ ಜೆಫರ್ಸನ್, ಖನಿಜಜಲದ ಚಿಕಿತ್ಸೆಯ ಹೆಸರಿನಲ್ಲಿ 1787ರ ವಸಂತದಲ್ಲಿ ದಕ್ಷಿಣ ಫ್ರಾನ್ಸಿಗೆ ಹೊರಟ. ಕೈ ಗುಣವಾಗಲಿಲ್ಲ, ಆದರೆ ಬರ್ಗಂಡಿ, ರೋನ್ ಕಣಿವೆ, ಬೋರ್ಡೋಗಳ ದ್ರಾಕ್ಷಿ ತೋಟಗಳ ವಿವರಗಳಿಂದ ಟಿಪ್ಪಣಿ ಪುಸ್ತಕ ತುಂಬಿತು. ಮಣ್ಣು ಎಂಥದ್ದು, ಬಳ್ಳಿಗಳ ನಡುವಿನ ಅಂತರವೆಷ್ಟು, ಪೀಪಾಯಿಗೆ ಬೆಲೆಯೆಷ್ಟು, ಕೂಲಿ ಎಷ್ಟು ಎಂದು ಎಲ್ಲವನ್ನೂ ಬರೆದುಕೊಂಡ. ನಡುವೆ ಇಟಲಿಗೆ ದಾಟಿ, ಹೊರದೇಶಕ್ಕೆ ಒಯ್ಯಲು ನಿಷೇಧವಿದ್ದ ಪೀಡ್‌ಮಾಂಟಿನ ಭತ್ತವನ್ನು ಕೋಟಿನ ಜೇಬುಗಳಲ್ಲಿ ತುಂಬಿಕೊಂಡು ಬಂದ ರಾಯಭಾರಿಯೂ ಈತನೇ! ಬೋರ್ಡೋದಲ್ಲಿ ಮಾರ್ಗೊ, ಲಾತೂರ್, ಓ ಬ್ರಿಯೋಂ, ಲಾಫಿತ್ ಎಂಬ ನಾಲ್ಕು ತೋಟಗಳನ್ನು ಮೊದಲ ದರ್ಜೆಯವೆಂದು ಗುರುತಿಸಿದ್ದ. ಫ್ರಾನ್ಸ್ ಅಧಿಕೃತವಾಗಿ ವರ್ಗೀಕರಣ ಮಾಡಿ ಅದೇ ನಾಲ್ಕನ್ನು ತಲೆಯ ಮೇಲಿಟ್ಟದ್ದು 1855ರಲ್ಲಿ, ಅಂದರೆ 68 ವರ್ಷಗಳ ಬಳಿಕ.

ಆ ಪ್ರವಾಸದಿಂದ ಆತ ಕಲಿತ ಮುಖ್ಯ ಪಾಠ ವ್ಯಾಪಾರಿಯನ್ನು ನಂಬಬಾರದೆಂಬುದು. ಪೀಪಾಯಿಗಳಲ್ಲಿ ಬರುವ ವೈನನ್ನು ದಾರಿಯಲ್ಲಿ ದೋಣಿಯವರು ಕುಡಿದು ನೀರು ಬೆರೆಸುತ್ತಿದ್ದರು. ವರ್ತಕರು ಕೀಳುದರ್ಜೆಯದನ್ನು ಮಿಶ್ರ ಮಾಡುತ್ತಿದ್ದರು. ಹಾಗಾಗಿ ತೋಟದ ಮಾಲೀಕನಿಂದಲೇ, ತೋಟದಲ್ಲಿಯೇ ಬಾಟಲಿಗೆ ತುಂಬಿಸಿ ತರಿಸುವ ಪದ್ಧತಿಯನ್ನು ರೂಢಿಸಿಕೊಂಡ. 1790ರಲ್ಲಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್‌ಗೂ ತನಗೂ ಸೇರಿಸಿ ವೈನ್ ತರಿಸುವಾಗ ಯಾರದ್ದು ಯಾವುದೆಂದು ತಿಳಿಯಲು ಪೆಟ್ಟಿಗೆಗಳ ಮೇಲೆ ಇಬ್ಬರ ಹೆಸರಿನ ಮೊದಲಕ್ಷರಗಳನ್ನು ಹಾಕಿಸಲು ತಿಳಿಸಿದ್ದ. ವಾಷಿಂಗ್ಟನ್ ಕೂಡ ಈ ವಿಷಯದಲ್ಲಿ ಹಿಂದೆ ಬಿದ್ದವನಲ್ಲ. 1789ರಲ್ಲಿ ಪ್ಯಾರಿಸಿನಲ್ಲಿದ್ದ ಗೂವರ್ನರ್ ಮಾರಿಸ್ ಎಂಬ ಮಿತ್ರನಿಗೆ ಬರೆದು, ಊಟದ ಮೇಜಿನ ಮೇಲೆ ಬಾಟಲಿಗಳನ್ನು ತಂಪಾಗಿಡುವ ಕೂಲರ್‌ಗಳನ್ನು ತರಿಸಿಕೊಂಡ. ಆಗಿನ ಕೂಲರ್ ಎಂದರೆ ಬೆಳ್ಳಿಯ ಲೇಪವಿದ್ದ ಪಾತ್ರೆ, ಒಳಗೆ ಮಂಜುಗಡ್ಡೆ. ನಾಲ್ಕು ಬಾಟಲಿ ಹಿಡಿಸುವ ಅಂಥದ್ದೊಂದನ್ನು 1797ರಲ್ಲಿ, ಅಪವಾದದ ಸುಳಿಯಲ್ಲಿ ಸಿಲುಕಿದ್ದ ಅಲೆಗ್ಸಾಂಡರ್ ಹ್ಯಾಮಿಲ್ಟನ್‌ಗೆ ಸ್ನೇಹದ ಕುರುಹಾಗಿ ಕಳುಹಿಸಿಕೊಟ್ಟ.

ಮೇಜಿನ ಪಾತ್ರೆಯಷ್ಟಕ್ಕೆ ತೃಪ್ತನಾಗದ ಜೆಫರ್ಸನ್ ಇಡೀ ಮನೆಯನ್ನೇ ಯಂತ್ರವಾಗಿಸಿದ. 1796ರಿಂದ ಮಾಂಟಿಸೆಲೊವನ್ನು ಒಡೆದು ಮತ್ತೆ ಕಟ್ಟಲಾರಂಭಿಸಿ, 1809ರ ಹೊತ್ತಿಗೆ ಬಹುಮಟ್ಟಿಗೆ ಮುಗಿಸಿದ. ಊಟದ ಕೋಣೆ ಇರುವುದು ಮನೆಯ ತಂಪಾದ ಉತ್ತರ ಭಾಗದಲ್ಲಿ. ಅದರ ನೇರ ಕೆಳಗೆ ವೈನ್‌ನ ನೆಲಮಾಳಿಗೆ. ಬೆಳಕು ಕಡಿಮೆ, ಅದುರುವಿಕೆ ಇಲ್ಲ, ಮಣ್ಣಿನ ಆಸರೆಯಿಂದಾಗಿ ಬೇಸಿಗೆಗೂ ಚಳಿಗಾಲಕ್ಕೂ ಶಾಖದಲ್ಲಿ ದೊಡ್ಡ ಏರಿಳಿತವಿಲ್ಲ. ಅಳಿಯಂದಿರು ಎರಡು ತಿಂಗಳು ಹುಡುಕಿದ ಗುಣಗಳೆಲ್ಲ ಅಲ್ಲಿದ್ದವು. ಕಬ್ಬಿಣದ ಬಲ ಕೊಟ್ಟ ಬಾಗಿಲಿಗೆ ಎರಡು ಬೀಗಗಳ ವ್ಯವಸ್ಥೆ. ಊಟದ ಕೋಣೆಯ ಬೆಂಕಿಗೂಡಿನ ಎರಡೂ ಪಕ್ಕದಲ್ಲಿ, ಅಲಂಕಾರದ ಕಟ್ಟಿಗೆಯ ಹಲಗೆಗಳೆಂದು ತೋರುವ ಚಿಕ್ಕ ಬಾಗಿಲುಗಳಿವೆ. ತೆರೆದರೆ ಹಗ್ಗ ಮತ್ತು ರಾಟೆಯ ಮೇಲೆ ಓಡಾಡುವ ಕಿರಿದಾದ ಪೆಟ್ಟಿಗೆ. ಕೆಳಗೆ ನಿಂತವನು ಬಾಟಲಿ ಇಟ್ಟರೆ, ಮೇಲಿನವರು ಎಳೆದುಕೊಳ್ಳುತ್ತಾರೆ. ಇದಕ್ಕೆ ಡಂಬ್ ವೇಟರ್ ಎಂದು ಹೆಸರು. ಮಾತಾಡದ ಬಡಿಸುವವ ಎಂದು ಅರ್ಥ ಮಾಡಬಹುದು.

ನನಗೆ ಬೆಂಕಿಗೂಡಿನ ಪಕ್ಕದಿಂದ ಕದಲಲಾಗಲಿಲ್ಲ. ಈ ಕೋಣೆಯಲ್ಲಿ ಊಟಮಾಡಿ, ಮೇಜಿನ ಬಟ್ಟೆ ತೆಗೆದ ಮೇಲೆ ವೈನ್ ಹಿಡಿದು, ಅತಿಥಿಗಳು ಗಣರಾಜ್ಯ, ಸಮಾನತೆ, ವಿಜ್ಞಾನಗಳ ಬಗ್ಗೆ ಮಾತಾಡಿರಬೇಕು. ಪಕ್ಕದಲ್ಲಿ ಆಳುಗಳು ನಿಂತು ಕೇಳಿಸಿಕೊಳ್ಳುವ ಪ್ರಮೇಯವೇ ಕಡಿಮೆ. ಅಡುಗೆಮನೆ, ಮಂಜುಗಡ್ಡೆಯ ಕೊಠಡಿ, ನೆಲಮಾಳಿಗೆಗಳನ್ನೆಲ್ಲ ಮನೆಯ ಅಡಿಯಲ್ಲಿ ಒಂದು ಹಾದಿ ಜೋಡಿಸುತ್ತದೆ. ಅದರಲ್ಲಿ ಓಡಾಡುವವರು ಹುಲ್ಲುಹಾಸಿನ ಮೇಲೆ ಅಡ್ಡಾಡುವ ಅತಿಥಿಯ ಕಣ್ಣಿಗೆ ಬೀಳುತ್ತಿರಲಿಲ್ಲ. 1802ರಲ್ಲಿ ಕಟ್ಟಿಸಿದ ಮಂಜುಗಡ್ಡೆಯ ಕೊಠಡಿಯನ್ನು ತುಂಬಲು ಮರುವರ್ಷ 62 ಗಾಡಿ ಮಂಜುಗಡ್ಡೆ ಬೇಕಾಯಿತು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ರಿವಾನಾ ನದಿಯಲ್ಲಿ ಅದನ್ನು ಕಡಿದು, ಬೆಟ್ಟದ ಮೇಲಕ್ಕೆ ಏರಿಸಿದ ಕೈಗಳು ಯಾರವೆಂದು ಮತ್ತೆ ಹೇಳಬೇಕಿಲ್ಲ.

ಅಧ್ಯಕ್ಷನಾಗಿದ್ದ 1801ರಿಂದ 1809ರವರೆಗಿನ ಎಂಟು ವರ್ಷಗಳಲ್ಲಿ ಜೆಫರ್ಸನ್ ವೈನ್‌ಗೆಂದು ಖರ್ಚು ಮಾಡಿದ್ದು ಹತ್ತು ಸಾವಿರ ಡಾಲರ್‌ಗೂ ಹೆಚ್ಚು. ಆಗ ಅಧ್ಯಕ್ಷನ ವಾರ್ಷಿಕ ವೇತನ 25,000 ಡಾಲರ್. ಆತನನ್ನು ಕುಡುಕನೆನ್ನಲಾಗದು. ಕಟುವಾದ ಮದ್ಯಗಳನ್ನು ಮುಟ್ಟುತ್ತಿರಲಿಲ್ಲ. ವೈನ್ ಅಗ್ಗವಾದರೆ ಜನ ವಿಸ್ಕಿಯ ಚಟದಿಂದ ಪಾರಾಗುತ್ತಾರೆಂದು ನಂಬಿ, ಆಮದು ಸುಂಕ ಇಳಿಸಬೇಕೆಂದು ವಾದಿಸಿದ. ತನ್ನ ಬೆಟ್ಟದಲ್ಲೇ ವೈನ್ ತಯಾರಿಸಬೇಕೆಂಬ ಹಂಬಲವೂ ಇತ್ತು. 1773ರಲ್ಲಿ ಬಂದ ಇಟಲಿಯ ಫಿಲಿಪ್ ಮಜ್ಜೈಗೆ ಭೂಮಿ ಕೊಟ್ಟ. 1774ರ ಹಿಮ ಬಳ್ಳಿಗಳನ್ನು ಸುಟ್ಟಿತು. 1807ರಲ್ಲಿ 24 ಬಗೆಯ 287 ಯುರೋಪಿನ ಬಳ್ಳಿಗಳನ್ನು ನೆಡಿಸಿದ. ಅವೂ ನಿಲ್ಲಲಿಲ್ಲ. ಅಮೆರಿಕದ ಮಣ್ಣಿನಲ್ಲಿರುವ ಫಿಲೋಕ್ಸೆರಾ ಎಂಬ ಸಣ್ಣ ಕೀಟ ಯುರೋಪಿನ ಬಳ್ಳಿಯ ಬೇರು ತಿನ್ನುತ್ತದೆಂಬುದು ತಿಳಿದದ್ದು ಆತ ಸತ್ತು ನಾಲ್ಕು ದಶಕಗಳಾದ ಮೇಲೆ. ದೇಶಿ ಬೇರಿಗೆ ಕಸಿ ಕಟ್ಟಿದ ಬಳ್ಳಿಗಳು ಈಗ ಅದೇ ಇಳಿಜಾರಿನಲ್ಲಿ ಹಣ್ಣು ಬಿಡುತ್ತಿವೆ.

ಜೇಮ್ಸ್ ಹೆಮಿಂಗ್ಸ್‌ನ ಕಥೆ ಇಷ್ಟು ಸಲೀಸಲ್ಲ. ಫ್ರಾನ್ಸಿನ ನೆಲದಲ್ಲಿ ಬಿಡುಗಡೆ ಕೇಳಬಹುದಾಗಿದ್ದ ಆತ ಒಡೆಯನೊಡನೆ ಮರಳಿದ. ಮತ್ತೊಬ್ಬನಿಗೆ ಅಡುಗೆ ಕಲಿಸಿಕೊಟ್ಟರೆ ಬಿಡುಗಡೆಯೆಂದು 1793ರಲ್ಲಿ ಲಿಖಿತ ಕರಾರಾಯಿತು. ತಮ್ಮ ಪೀಟರ್‌ಗೆ ಕಲಿಸಿ 1796ರಲ್ಲಿ ಸ್ವತಂತ್ರನಾದ; 1801ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ತಂಗಿ ಸ್ಯಾಲಿ ಹೆಮಿಂಗ್ಸ್‌ಳ ಮಕ್ಕಳ ತಂದೆ ಜೆಫರ್ಸನ್ನೇ ಇರಬೇಕೆಂದು 1998ರ ಡಿಎನ್‌ಎ ಪರೀಕ್ಷೆಯ ಬಳಿಕ ಮಾಂಟಿಸೆಲೊವನ್ನು ನೋಡಿಕೊಳ್ಳುವ ಪ್ರತಿಷ್ಠಾನವೂ ಒಪ್ಪಿತು.

ನಿವೃತ್ತಿಯ ವರ್ಷಗಳಲ್ಲಿ ಹಣ ಸೋರಿತು. ಮಾವನಿಂದ ಬಂದ ಸಾಲ ಹಳೆಯದು. ಅದರ ಮೇಲೆ ಕಟ್ಟಡ, ಅತಿಥಿಗಳು, ಮಿತ್ರನೊಬ್ಬನ 20,000 ಡಾಲರ್ ಸಾಲಕ್ಕೆ ಹಾಕಿದ ಜಾಮೀನು. 1815ರಲ್ಲಿ ಸುಮಾರು 6,500 ಪುಸ್ತಕಗಳ ಗ್ರಂಥಾಲಯವನ್ನು ಅಮೆರಿಕದ ಸಂಸತ್ತಿಗೆ ಮಾರಿದ. ಬೋರ್ಡೋದ ದುಬಾರಿ ಹೆಸರುಗಳು ಹಿಂದೆ ಸರಿದು ದಕ್ಷಿಣ ಫ್ರಾನ್ಸಿನ ಅಗ್ಗದ ವೈನ್‌ಗಳು ನೆಲಮಾಳಿಗೆಗೆ ಇಳಿದವು. ಪುಸ್ತಕ ಮಾರಿದವನು ವೈನ್ ಬಿಡಲಿಲ್ಲ ಎಂಬುದು ನನ್ನಂಥ ಮೇಷ್ಟರಿಗೆ ಅರಗದ ಸಂಗತಿ.

1985ರಲ್ಲಿ ಆತನ ಹೆಸರಿನ ಅಕ್ಷರಗಳನ್ನು ಕೊರೆದ 1787ರ ಲಾಫಿತ್ ಎನ್ನಲಾದ ಬಾಟಲಿಯೊಂದು ಲಂಡನ್ನಿನ ಹರಾಜಿನಲ್ಲಿ 1,05,000 ಪೌಂಡ್‌ಗೆ ಹೋಯಿತು. ಕೊಂಡವರು ಅದನ್ನು ಬಿಸಿ ದೀಪದಡಿ ಪ್ರದರ್ಶನಕ್ಕೆ ನಿಲ್ಲಿಸಿದರು. ಕಾರ್ಕ್ ಒಣಗಿ ಒಳಗೆ ಜಾರಿತು. ಅದೇ ಸಂಗ್ರಹದ ಬೇರೆ ಬಾಟಲಿಗಳನ್ನು ಕೊಂಡಿದ್ದ ಶ್ರೀಮಂತನೊಬ್ಬ ನೇಮಿಸಿದ ತಜ್ಞರು, ಅಕ್ಷರಗಳು ವಿದ್ಯುತ್ ಉಪಕರಣದಿಂದ ಕೊರೆದವೆಂದು ಹೇಳಿದರು. ಪೈಸೆ ಪೈಸೆಗೂ ಲೆಕ್ಕ ಬರೆದಿಟ್ಟ ಮನುಷ್ಯನ ದಾಖಲೆಗಳಲ್ಲಿ ಆ ಬಾಟಲಿಗಳ ಸುಳಿವೇ ಇರಲಿಲ್ಲ.

ಜೆಫರ್ಸನ್ ತೀರಿಕೊಂಡದ್ದು 1826ರ ಜುಲೈ 4ರಂದು, ಘೋಷಣೆಯ ಸುವರ್ಣ ಮಹೋತ್ಸವದ ದಿನ. ಅದೇ ದಿನ ಗೆಳೆಯ ಜಾನ್ ಆಡಮ್ಸ್ ಕೂಡ ಸತ್ತ. ಇದನ್ನು ನಾನು ಪ್ರತಿವರ್ಷ ತರಗತಿಯಲ್ಲಿ ರೋಚಕವಾಗಿ ಹೇಳುತ್ತಿದ್ದೆ, ಮಕ್ಕಳು ಬೆರಗಾಗುತ್ತಿದ್ದರು. ಹೇಳದೆ ಬಿಟ್ಟದ್ದು ಮುಂದಿನ ಆರು ತಿಂಗಳ ಕಥೆ. ಉಳಿದದ್ದು ಒಂದು ಲಕ್ಷ ಡಾಲರ್‌ಗೂ ಮೀರಿದ ಸಾಲ. ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದವನು ಮರಣಪತ್ರದಲ್ಲಿ ಬಿಡುಗಡೆ ಮಾಡಿದ್ದು ಐವರನ್ನು. ಅವರಲ್ಲಿ ಮನೆಯ ಬಟ್ಲರ್ ಬರ್ವೆಲ್ ಕೋಲ್ಬರ್ಟ್ ಒಬ್ಬ. 1827ರ ಜನವರಿಯಲ್ಲಿ ಮನೆಯ ಸಾಮಾನುಗಳ ಜೊತೆಗೆ 130 ಜನರನ್ನು ಹರಾಜಿಗಿಟ್ಟರು. ತೋಟಗಾರ ವರ್ಮ್‌ಲಿ ಹ್ಯೂಸ್ ತನ್ನ ಒಡೆಯನ ಸಮಾಧಿಯನ್ನು ತಾನೇ ತೋಡಿದ್ದ; ಅವನಿಗೆ ಬಿಡುಗಡೆ ಸಿಕ್ಕಿತು, ಹೆಂಡತಿ ಅರ್ಸುಲಾ ಮತ್ತು ಮಕ್ಕಳು ಹರಾಜಾದರು.

ಹಿಂದಿರುಗುವ ದಾರಿಯುದ್ದಕ್ಕೂ ಕಾರಿನಲ್ಲಿ ಹೆಚ್ಚು ಮಾತಿರಲಿಲ್ಲ. ಮರುದಿನ ಬೆಳಿಗ್ಗೆ ಅಳಿಯಂದಿರು ಸ್ವಿಚ್ ಹಾಕಿದರು. ಸಂಜೆಯ ಹೊತ್ತಿಗೆ ಫಲಕ 13 ಡಿಗ್ರಿ ತೋರಿಸಿತು. ಮೊದಲ ಬಾಟಲಿಯನ್ನು ನೀವೇ ಇಡಿ ಅಪ್ಪ ಎಂದಳು ಮಗಳು. ಕಾರ್ಕ್ ಒಣಗದಂತೆ ಅಡ್ಡಲಾಗಿ ಮಲಗಿಸಿ, ಬಾಗಿಲು ಮುಚ್ಚಿದೆ.